ಹೊಳೆಯಾಚೆಯ ಮೇಸ್ತ್ರಿ

ಲಾವೋಯಿಂಗ್, ಯಾನ್‌ಕೌ ತಾಲ್ಲೂಕು
ಮಾರ್ಚ್ 8, 1993

ಮಿಂಗ್‌ಶಾನ್,

ಹೊಸವರ್ಷಕ್ಕೆ ನೀವು ಗಂಡಹೆಂಡತಿ ಕಳಿಸಿದ ಕಾರ್ಡು ಬಂತು. ಅದರಲ್ಲಿ ನಿನ್ನ ಕೈಬರಹಕ್ಕಿಂತ ಅಚ್ಚಾದ ಅಕ್ಷರವೇ ಹೆಚ್ಚಿತ್ತು. ಇರಲಿ. ಈ ಕಾಗದ ಬರೆಯುತ್ತಿರುವುದು ಒಂದು ಕೆಲಸಕ್ಕಾಗಿ. ನೀನು ಜಿಲ್ಲಾ ಪೊಲೀಸ್ ಕಚೇರಿಯ ವಿದೇಶಿಯರ ವಿಭಾಗಕ್ಕೆ ಹೋದ ಮೇಲೆ ನಿನ್ನನ್ನು ನಾನು ಏನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಕಳೆದ ತಿಂಗಳು ದಾದಿಯರ ತರಬೇತಿಗೆ ಅಂತ ನನ್ನನ್ನು ಗುಯಿಯಾಂಗಿಗೆ ಕಳಿಸಿದ್ದರು. ಅಲ್ಲಿ ಹಾಲೆಂಡಿನ ಒಬ್ಬರ ಪರಿಚಯವಾಯಿತು. ಹೆಸರು ಬೋಸ್ಮಾ, ಅಲ್ಲಿನವರ ಬಾಯಲ್ಲಿ ಬೋ ಮೇಸ್ತ್ರಿ. ವಯಸ್ಸು ಅರವತ್ತರ ಹತ್ತಿರ. ಕೃತಕ ಕಾಲು ಮಾಡುವುದು ಅವರ ಕಸುಬು. ಅವರ ದೇಶದ ಒಂದು ಧರ್ಮಾರ್ಥ ಸಂಸ್ಥೆ ಅವರನ್ನು ಅಲ್ಲಿನ ಪುನರ್ವಸತಿ ಕೇಂದ್ರಕ್ಕೆ ಕಳಿಸಿದೆ. ನಾನು ಕುಷ್ಠರೋಗಿಗಳ ಹಳ್ಳಿಯಲ್ಲಿ ದಾದಿ ಅಂದಾಗ ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ನಮ್ಮವರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಒಳಗೆ ಹಳೆ ಬಟ್ಟೆ ತುರುಕಿ ಕಾಲು ಮಾಡಿಕೊಳ್ಳುತ್ತಾರೆ ಎಂದೆ. ತಾನ್ ಗುಯಿಷಿಯಾಂಗಳ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಈ ತಗಡಿನ ಅಂಚು ದಿನಾ ಅವಳನ್ನು ಕೊಯ್ಯುತ್ತಿರತ್ತೆ. ಅವಳಿಗೆ ಅದು ಗೊತ್ತೇ ಆಗಲ್ಲ," ಅಂದರು. ಮುರುಕು ಭಾಷೆಯಲ್ಲಿ ಹೇಳಿದರೂ ಸರಿಯಾಗಿಯೇ ಹೇಳಿದರು. ರೋಗ ವಾಸಿಯಾದರೂ ಹೋದ ಸ್ಪರ್ಶ ಮರಳುವುದಿಲ್ಲ.

ಗುಯಿಷಿಯಾಂಗ್ ಹದಿನಾರನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಆದರೂ ದೋಣಿಕಟ್ಟೆಯಿಂದ ಇಡೀ ಹಳ್ಳಿಯ ಉಪ್ಪು, ಅಕ್ಕಿ ಬೆನ್ನ ಮೇಲೆ ಹೊತ್ತು ತರುವವಳು ಅವಳೇ. ಈಗ ಮೊಂಡುಗಾಲಿನಲ್ಲಿ ಹುಣ್ಣು ಆಳಕ್ಕೆ ಹೋಗಿದೆ. ಮಾಯದಿದ್ದರೆ ಶರತ್ಕಾಲಕ್ಕೆ ಮೊಣಕಾಲಿನ ಮೇಲಕ್ಕೆ ತೆಗೆಯಬೇಕು ಎಂದು ತಾಲ್ಲೂಕು ಆಸ್ಪತ್ರೆಯವರು ಹೇಳಿದ್ದಾರೆ. ಮೊಣಕಾಲು ಹೋದರೆ ಈ ಬೆಟ್ಟದಲ್ಲಿ ಅವಳು ಅಂಗಳ ದಾಟುವುದೂ ಕಷ್ಟ. ಸರಿಯಾದ ಕಾಲು ಹಾಕಿದರೆ ಹುಣ್ಣು ತಾನೇ ಮಾಯುತ್ತದೆ ಎನ್ನುತ್ತಾರೆ ಬೋ ಮೇಸ್ತ್ರಿ. ಆದರೆ ಅಚ್ಚು ತೆಗೆಯಲು ಅವರೇ ಇಲ್ಲಿಗೆ ಬರಬೇಕು. ಬರಲು ಏನು ಕಾಗದ ಬೇಕು, ಹೇಳು.

ಈ ಕಾಗದದ ಜೊತೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಕಳಿಸಿದ್ದೇನೆ. ನಮ್ಮ ಹಂದಿಯದು.

ನಿನ್ನ ಅಕ್ಕ,
ಮಿಂಗ್‌ಹುಯಿ


ಲಿನ್‌ಜಿಯಾಂಗ್
ಮಾರ್ಚ್ 27, 1993

ಅಕ್ಕಾ,

ಕಾಗದ ಮತ್ತು ಮಾಂಸ ತಲುಪಿದವು. ಲಿಯಾನ್‌ಗೆ ಈಚೆಗೆ ಹೊಟ್ಟೆ ಸರಿಯಿಲ್ಲ, ಕೊಬ್ಬಿನ ಪದಾರ್ಥ ಒಗ್ಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟೆವು. ಅವರು ರುಚಿಯಾಗಿತ್ತು ಅಂದರು. ಎಲ್ಲಿಂದ ಬಂತು ಅಂತ ಕೇಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಸಣ್ಣದಲ್ಲ. ಯಾನ್‌ಕೌ ಇನ್ನೂ ವಿದೇಶಿಯರಿಗೆ ಮುಚ್ಚಿದ ತಾಲ್ಲೂಕು. ಅಲ್ಲಿಗೆ ಕಾಲಿಡಲು ಬರಿಯ ವೀಸಾ ಸಾಲದು, ನಮ್ಮ ವಿಭಾಗ ಕೊಡುವ ಪ್ರಯಾಣದ ಅನುಮತಿ ಬೇಕು. ಅರ್ಜಿ ಹಾಕಬೇಕೆಂದರೆ ಅವರನ್ನು ಬರಮಾಡಿಕೊಳ್ಳುವ ಒಂದು ಸಂಸ್ಥೆ ಬೇಕು. ನಿನ್ನ ಚಿಕಿತ್ಸಾಲಯಕ್ಕೆ ಸ್ವಂತ ಮೊಹರಿಲ್ಲ. ಆದ್ದರಿಂದ ತಾಲ್ಲೂಕು ಆರೋಗ್ಯ ಕಚೇರಿಯ ದುಂಡು ಮೊಹರು ಬೀಳಬೇಕು. ರಾತ್ರಿ ಎಲ್ಲಿ ಮಲಗುತ್ತಾರೆ ಎನ್ನುವುದು ಗೊತ್ತಾಗಬೇಕು, ಅದು ವಿದೇಶಿಯರನ್ನು ಇಳಿಸಿಕೊಳ್ಳಲು ಅಪ್ಪಣೆ ಇರುವ ವಸತಿಗೃಹವೇ ಆಗಿರಬೇಕು. ಯಾನ್‌ಕೌನಲ್ಲಿ ಅಂಥದ್ದು ಒಂದೂ ಇಲ್ಲ. ಗುಯಿಯಾಂಗಿನ ಅವರ ಕೇಂದ್ರ ತನ್ನ ಅಡ್ಡಿಯಿಲ್ಲ ಎಂದು ಬರೆದುಕೊಡಬೇಕು. ಇದೆಲ್ಲ ಆದ ಮೇಲೆ ನಮ್ಮ ಶೇ ಸಾಹೇಬರು, "ಯಾಕೆ ಬರಬೇಕು?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ನಿಜ ಹೇಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕುಷ್ಠರೋಗಿಗಳ ಹಳ್ಳಿಯನ್ನು ವಿದೇಶಿಯೊಬ್ಬ ನೋಡಿದ, ಫೋಟೋ ತೆಗೆದ ಅಂತ ಸುದ್ದಿಯಾಗುವುದು ಯಾರಿಗೂ ಬೇಕಿಲ್ಲ.

ಬೇಡ ಅಂತ ನಾನು ಹೇಳುತ್ತಿಲ್ಲ. ಇಷ್ಟೆಲ್ಲ ಇದೆ ಅಂತ ಹೇಳುತ್ತಿದ್ದೇನೆ.

ಫೋನಿನಲ್ಲಿ ಈ ವಿಷಯ ಎತ್ತಬೇಡ. ಕಚೇರಿಗೂ ಬರೆಯಬೇಡ, ಮನೆಗೆ ಬರೆ.

ನಿನ್ನ ತಮ್ಮ,
ಮಿಂಗ್‌ಶಾನ್


ಲಾವೋಯಿಂಗ್
ಏಪ್ರಿಲ್ 19, 1993

ಮಿಂಗ್‌ಶಾನ್,

ಲಿಯಾನ್‌ಳ ಹೊಟ್ಟೆಗೆ ಅಕ್ಕಿ ಗಂಜಿ ಒಳ್ಳೆಯದು. ಇನ್ನು ಮುಂದೆ ಮಾಂಸ ಕಳಿಸುವುದಿಲ್ಲ.

ಮೊಹರಿಗಾಗಿ ತಾಲ್ಲೂಕು ಆರೋಗ್ಯ ಕಚೇರಿಗೆ ನಾಲ್ಕಾರು ಸಲ ಓಡಾಡಿದೆ. ಉಪಾಧ್ಯಕ್ಷ ಲಿಯಾವೋ ಪ್ರತಿ ಸಲವೂ ಟೀ ಕೊಟ್ಟ, ಮೊಹರು ಕೊಡಲಿಲ್ಲ. ಕೊನೆಗೆ ಕೇಳಿದೆ: "ನಿಮಗೆ ಭಯ ಏನು, ಹೇಳಿಬಿಡಿ."

"ಮಿಂಗ್‌ಹುಯಿ, ಆತ ಬಂದು ಕಾಲು ಕೊಟ್ಟು ಸುಮ್ಮನೆ ಹೋದ ಅಂತಿಟ್ಟುಕೋ, ನಂಗೇನೂ ಲಾಭ ಇಲ್ಲ. ಆತ ಹೊಳೆಗೆ ಬಿದ್ದ ಅಂತಿಟ್ಟುಕೋ, ಜೀವಮಾನವಿಡೀ ನಾನು ವರದಿ ಬರೀತಾ ಕೂತಿರಬೇಕು."

"ಹೊಳೆಗೆ ಬೀಳದ ಹಾಗೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

"ಅದನ್ನೂ ಬರೀಬೇಕಾಗತ್ತೆ," ಅಂದ. ಆದರೂ ನಕ್ಕ. ನಕ್ಕ ಮೇಲೆ ಮೊಹರು ಒತ್ತಲು ಅವನಿಗೆ ಇನ್ನೂ ಒಂದು ವಾರ ಬೇಕಾಯಿತು. ವಸತಿಗೆ ತಾಲ್ಲೂಕು ಅತಿಥಿಗೃಹದ ಒಂದು ಕೋಣೆಯನ್ನು ತಾತ್ಕಾಲಿಕವಾಗಿ ಗೊತ್ತುಮಾಡಿಸಿದ್ದಾನೆ. ಉದ್ದೇಶದ ಜಾಗದಲ್ಲಿ ಏನು ಬರೆಯಬೇಕೋ ನೀನು ನೋಡಿಕೋ.

ಬೋ ಮೇಸ್ತ್ರಿಗೆ ಇಷ್ಟೆಲ್ಲ ಕಾಗದ ಬೇಕು ಅಂತ ಸಂಜೆ ಅಂಗಳದಲ್ಲಿ ಹೇಳಿದೆ. ಎಲ್ಲರೂ ನಗತೊಡಗಿದರು. ಇಲ್ಲಿನವರು ಸಂತೆಗೆ ಹೋಗಬೇಕಾದರೂ ಒಂದು ಕಾಲದಲ್ಲಿ ಚೀಟಿ ಬೇಕಿತ್ತಲ್ಲ. ಗುಯಿಷಿಯಾಂಗ್ ಅಂದಳು, "ಪಾಪ, ಒಳಗೆ ಬರೋಕೆ ಅವನಿಗೆ ಚೀಟಿ, ಹೊರಗೆ ಹೋಗೋಕೆ ನಮಗೆ ಚೀಟಿ. ಹಾಗಾದ್ರೆ ಅವನು ನಮ್ಮ ಪೈಕಿನೇ." ಅವಳ ಹುಣ್ಣು ಹಾಗೆಯೇ ಇದೆ. ಹೊರೆ ಹೊರಬೇಡ ಅಂದರೆ, "ಉಪ್ಪು ತಾನೇ ನಡ್ಕೊಂಡು ಬರತ್ತಾ?" ಅನ್ನುತ್ತಾಳೆ.

ಮಿಂಗ್‌ಹುಯಿ


ಲಿನ್‌ಜಿಯಾಂಗ್
ಮೇ 30, 1993

ಅಕ್ಕಾ,

ನಿನ್ನ ಬೋ ಮೇಸ್ತ್ರಿಯನ್ನು ನೋಡಿದೆ. ಅರ್ಜಿ ಖುದ್ದಾಗಿ ಹಾಕಬೇಕೆಂದು ಗುಯಿಯಾಂಗಿನಿಂದ ರೈಲಿನಲ್ಲಿ ಬಂದಿದ್ದರು. ಫೋಟೋ ಅಳತೆ ಸರಿಯಿಲ್ಲ ಅಂತ ಮೊದಲ ಸಲ ವಾಪಸ್ ಕಳಿಸಬೇಕಾಯಿತು. ಎರಡನೇ ಸಲ ಅವರ ಕೇಂದ್ರದ ಪತ್ರದಲ್ಲಿ ತಾರೀಕು ಇರಲಿಲ್ಲ. ಮೂರನೇ ಸಲ ಎಲ್ಲ ಸರಿಯಿತ್ತು, ಸಹಿ ಹಾಕುವವರು ಸಭೆಗೆ ಹೋಗಿದ್ದರು. ಬೈದಾರು ಅಂದುಕೊಂಡೆ, ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಚೀಲದಿಂದ ಒಂದು ಮರದ ಪಾದ ತೆಗೆದು ಉಪ್ಪುಕಾಗದದಿಂದ ಉಜ್ಜತೊಡಗಿದರು. ನೆಲದ ತುಂಬಾ ಪುಡಿ. ಕಸ ಗುಡಿಸುವ ಹೆಂಗಸು ಬಂದು, "ಇದೇನು ಬಡಗಿ ಅಂಗಡೀನಾ?" ಅಂದಳು. ಅವರು ಎದ್ದು ಅವಳ ಪೊರಕೆ ಇಸಿದುಕೊಂಡು ತಾವೇ ಗುಡಿಸಿದರು.

ಕುಡಿಯಲು ಬಿಸಿನೀರು ಕೊಟ್ಟು, "ನಿಮ್ಮ ದೇಶದಲ್ಲೂ ಹೀಗೆ ಕಾಯಿಸ್ತಾರಾ?" ಎಂದು ಕೇಳಿದೆ.

"ಕಾಯಿಸ್ತಾರೆ. ಆದರೆ ಅಲ್ಲಿ ಬಿಸಿನೀರು ಕೊಡಲ್ಲ," ಅಂದರು.

ಉದ್ದೇಶದ ಜಾಗದಲ್ಲಿ "ಪ್ರವಾಸ, ಕಣಿವೆ ವೀಕ್ಷಣೆ" ಎಂದು ಬರೆಸಿದ್ದೇನೆ. ನಿನ್ನ ಹಳ್ಳಿ ಕಣಿವೆಯಲ್ಲೇ ಇರುವುದರಿಂದ ಇದು ಸುಳ್ಳಲ್ಲ. ಶೇ ಸಾಹೇಬರು ಎರಡು ಸಲ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಸಹಿ ಹಾಕಿದರು. ಜೂನ್ 20ರಿಂದ ಮೂರು ದಿನ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಬೇಕು. ಇದನ್ನು ಎಲ್ಲರಿಗೂ ಹೇಳಿಡು.

ಮಿಂಗ್‌ಶಾನ್


ಲಾವೋಯಿಂಗ್
ಜೂನ್ 23, 1993

ಮಿಂಗ್‌ಶಾನ್,

ಇಷ್ಟು ಹೊತ್ತಿಗೆ ನಿನಗೆ ಸುದ್ದಿ ಮುಟ್ಟಿರುತ್ತದೆ. ಹೇಗಾಯಿತು ಅಂತ ನನ್ನಿಂದಲೂ ಕೇಳು.

ನಮ್ಮಲ್ಲಿ ಮೆಂಗ್ ಮೇಷ್ಟ್ರು ಅಂತ ಒಬ್ಬರಿದ್ದಾರೆ. ರೋಗ ಬರುವ ಮುಂಚೆ ಶಾಲೆಯಲ್ಲಿದ್ದರು, ಈಗ ಅವರದೂ ತಗಡಿನ ಕಾಲು. ಸುತ್ತಿನ ಊರುಗಳ ಗೋಡೆಗೆಲ್ಲ ಘೋಷಣೆ ಬರೆಯುತ್ತಿದ್ದವರು ಅವರೇ. ಬೆರಳು ಮಡಚಿಹೋಗಿದ್ದರೂ ಕುಂಚವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬರೆಯುತ್ತಾರೆ. ಸದ್ದು ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳಿದ್ದೆ. ಅವರು ಸದ್ದು ಮಾಡಲಿಲ್ಲ, ಬರೆದರು. ಹೆದ್ದಾರಿಯ ತಿರುವಿನಲ್ಲಿ ಕಲ್ಲಿನ ತಡೆಗೋಡೆ ಇದೆಯಲ್ಲ, ಅದರುದ್ದಕ್ಕೂ ಆಳೆತ್ತರದ ಸುಣ್ಣದ ಅಕ್ಷರ: "ಕಾಲು ಕೊಡಲು ಬರುತ್ತಿರುವ ವಿದೇಶಿ ತಜ್ಞರಿಗೆ ಲಾವೋಯಿಂಗ್ ಕುಷ್ಠರೋಗಿಗಳ ಹೃತ್ಪೂರ್ವಕ ಸ್ವಾಗತ."

20ರ ಬೆಳಿಗ್ಗೆ ತಾಲ್ಲೂಕಿನ ಪಕ್ಷದ ಕಾರ್ಯದರ್ಶಿ ಪ್ರಾಂತ್ಯದ ಅತಿಥಿಗಳನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋದರಂತೆ. ಮಧ್ಯಾಹ್ನದೊಳಗೆ ಜೀಪು ಬಂತು. ಬೋ ಮೇಸ್ತ್ರಿಯನ್ನು ತಾಲ್ಲೂಕಿನ ಗಡಿಯಲ್ಲೇ ಬಸ್ಸಿನಿಂದ ಇಳಿಸಿ ವಾಪಸ್ ಕಳಿಸಿದರು. ಪ್ಲಾಸ್ಟರಿನ ಪುಡಿ ತುಂಬಿದ ಚೀಲ ಬಸ್ಸಿನಲ್ಲೇ ಉಳಿದು ನಮ್ಮ ದೋಣಿಕಟ್ಟೆಗೆ ಬಂತು. ಅವರು ಬರಲಿಲ್ಲ.

ಮೇಷ್ಟ್ರನ್ನು ಕೇಳಿದೆ, "ಯಾಕೆ ಹೀಗೆ ಮಾಡಿದ್ರಿ?"

"ಮನೆಗೆ ಅತಿಥಿ ಬರೋವಾಗ ಗೋಡೆ ಖಾಲಿ ಬಿಡ್ತಾರೇನಮ್ಮ? ಮೂವತ್ತು ವರ್ಷದಿಂದ ಇಲ್ಲಿಗೆ ಯಾರೂ ಬಂದಿರಲಿಲ್ಲ. ಬರೆಯೋಕೆ ಏನಿತ್ತು?"

ಅಕ್ಷರ ಕೆರೆಯಲು ಜೀಪಿನವರು ಅವರನ್ನೇ ಹಚ್ಚಿದರು. ಗುಯಿಷಿಯಾಂಗ್ ಬಕೆಟ್ಟಿನಲ್ಲಿ ನೀರು ಹೊತ್ತು ಕೊಟ್ಟಳು. ಕೆರೆದರೂ ಕಲ್ಲಿನ ಸಂದಿಯಲ್ಲಿ ಸುಣ್ಣ ಉಳಿದು ಅಕ್ಷರ ಇನ್ನೂ ಓದಲು ಬರುತ್ತದೆ.

ನಿನಗೆ ತೊಂದರೆಯಾಯಿತೇ, ಬರೆ.

ಅಕ್ಕ


ಲಿನ್‌ಜಿಯಾಂಗ್
ಜುಲೈ 5, 1993

ಅಕ್ಕಾ,

ಅನುಮತಿ ರದ್ದಾಗಿದೆ. ಪ್ರವಾಸ ಎಂದು ಬರೆದು ಬೇರೆ ಕೆಲಸಕ್ಕೆ ಹೊರಟದ್ದಕ್ಕಾಗಿ ಬೋಸ್ಮಾ ಅವರು ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು. ಅವರಿಗೆ ನಮ್ಮ ಲಿಪಿ ಅಷ್ಟು ಬರುವುದಿಲ್ಲ. ಏನು ತಪ್ಪು ಮಾಡಿದೆ ಅಂತ ಅವರಿಗೆ ವಿವರಿಸಿ, ಅದನ್ನು ಹೇಗೆ ಒಪ್ಪಿಕೊಳ್ಳಬೇಕು ಅಂತ ಹೇಳಿಕೊಟ್ಟವನು ನಾನು. ಆ ಪದ ಬರೆಸಿದವನೂ ನಾನೇ ಅಂತ ಅವರು ಯಾರಿಗೂ ಹೇಳಲಿಲ್ಲ.

ಶೇ ಸಾಹೇಬರು ನನ್ನನ್ನು ಕರೆದು, "ಆ ದಾದಿ ನಿನಗೆ ಏನಾಗಬೇಕು?" ಅಂದರು. "ಸ್ವಂತ ಅಕ್ಕ," ಅಂದೆ. "ಮೊದಲೇ ಹೇಳಬಹುದಿತ್ತು," ಅಂದರು. "ಕೇಳಲಿಲ್ಲ," ಅಂದೆ. ನನ್ನ ಕಡತದಲ್ಲಿ ಒಂದು ಷರಾ ಬಿತ್ತು. ಅದಕ್ಕಿಂತ ಹೆಚ್ಚೇನೂ ಆಗಿಲ್ಲ.

ಈ ವರ್ಷ ಇನ್ನೊಂದು ಅರ್ಜಿ ಸಾಧ್ಯವಿಲ್ಲ. ದಯವಿಟ್ಟು ಹಾಕಬೇಡ.

ಮಿಂಗ್‌ಶಾನ್


ಲಾವೋಯಿಂಗ್
ಜುಲೈ 20, 1993

ಮಿಂಗ್‌ಶಾನ್,

ಅರ್ಜಿ ಹಾಕುವುದಿಲ್ಲ.

ಗುಯಿಷಿಯಾಂಗಳ ಆಪರೇಷನ್ನಿಗೆ ಸೆಪ್ಟೆಂಬರ್ ಕೊನೆಯ ವಾರ ಗೊತ್ತಾಗಿದೆ. ಮೊಣಕಾಲಿನ ಮೇಲೆ ಎಲ್ಲಿ ಕತ್ತರಿಸುತ್ತೇವೆ ಅಂತ ವೈದ್ಯರು ಶಾಯಿಯಲ್ಲಿ ಗುರುತು ಹಾಕಿ ತೋರಿಸಿದರು. ಅವಳು ಮನೆಗೆ ಬಂದವಳೇ ಅದನ್ನು ಸೋಪು ಹಾಕಿ ತೊಳೆದಳು. "ಅವರ ಗೆರೆ ಅವರ ಹತ್ರ ಇರಲಿ," ಅಂದಳು. ನನ್ನ ಮುಂದೆ ಅಳಲಿಲ್ಲ. ಹಂದಿಗೂಡಿನ ಹಿಂದೆ ಅತ್ತಳು ಅಂತ ಮೇಷ್ಟ್ರು ಹೇಳಿದರು.

ನೀನು ಮಾಡಬೇಕಾದ್ದನ್ನು ಮಾಡಿದ್ದೀಯ. ನಿನ್ನ ಮೇಲೆ ನನಗೆ ದೂರಿಲ್ಲ. ಆದರೆ ನಾನು ಇಲ್ಲಿಗೆ ಬಂದ ಈ ಹನ್ನೊಂದು ವರ್ಷದಲ್ಲಿ ನೀನು ಒಂದೇ ಒಂದು ಸಲ…

ಇರಲಿ. ಲಿಯಾನ್‌ಗೆ ನೆನಪು ಹೇಳು.

ಮಿಂಗ್‌ಹುಯಿ


ಲಿನ್‌ಜಿಯಾಂಗ್
ಆಗಸ್ಟ್ 12, 1993

ಅಕ್ಕಾ,

ಇದನ್ನು ಓದಿ ಯಾರಿಗೂ ತೋರಿಸಬೇಡ. ಮುಖ್ಯವಾಗಿ ಮೆಂಗ್ ಮೇಷ್ಟ್ರಿಗೆ.

ಗೋಡೆಯ ಮೇಲಿನ ಜಿಲ್ಲೆಯ ನಕ್ಷೆ ನೋಡುತ್ತಾ ಕೂತಿದ್ದೆ. ನಿಮ್ಮ ದೋಣಿಕಟ್ಟೆಯ ಎದುರುದಡ ಯಾನ್‌ಕೌ ಅಲ್ಲ, ಹೇಪಿಂಗ್ ತಾಲ್ಲೂಕು. ಹೇಪಿಂಗ್ ಕಳೆದ ವರ್ಷದಿಂದ ವಿದೇಶಿಯರಿಗೆ ತೆರೆದಿದೆ. ಅಲ್ಲಿಗೆ ಬರಲು ಬೋ ಮೇಸ್ತ್ರಿಗೆ ನನ್ನ ಅನುಮತಿಯೇ ಬೇಕಿಲ್ಲ. ಗಡಿ ಹೊಳೆಯ ನಡುವೆ ಹಾದುಹೋಗುತ್ತದೆ. ಅವರು ನೀರಿಗೆ ಇಳಿಯದಿದ್ದರೆ ಸಾಕು.

ನಿಮ್ಮವರು ಈ ದೇಶದ ಪ್ರಜೆಗಳು, ಹೊಳೆ ದಾಟಬಹುದು. ಹಳೆಯ ಚೀಟಿ ಪದ್ಧತಿಯನ್ನು ಎಂದೋ ತೆಗೆದುಹಾಕಿದ್ದಾರೆ. ಜನ ಮರೆತಿಲ್ಲ ಅಷ್ಟೆ. ಇಬ್ಬರೂ ಒಂದೇ ದಂಡೆಯ ಮೇಲೆ ಸೇರಬಾರದು ಅಂತ ಯಾವ ನಿಯಮವೂ ಇಲ್ಲ. ಎರಡು ರಾತ್ರಿ ಹುಡುಕಿದ್ದೇನೆ.

ಎದುರುದಡದಲ್ಲಿ ಪಾಳುಬಿದ್ದ ಉಪ್ಪಿನ ಉಗ್ರಾಣವಿದೆ. ಸಂತೆಯಿಲ್ಲದ ದಿನ ಬನ್ನಿ. ದೋಣಿಯವನು ನಿಮ್ಮವರನ್ನು ಹತ್ತಿಸಿಕೊಳ್ಳುವುದಿಲ್ಲ, ನಿಮ್ಮದೇ ತೆಪ್ಪ ಇದೆಯಲ್ಲ, ಅದರಲ್ಲಿ ಬನ್ನಿ. ಕತ್ತಲಾಗುವ ಮುಂಚೆ ಅವರು ಹೇಪಿಂಗ್ ಪೇಟೆಯ ವಸತಿಗೃಹದಲ್ಲಿ ಹೆಸರು ಬರೆಸಬೇಕು, ಅದು ಕಡ್ಡಾಯ. ಆಗಸ್ಟ್ 31. ಜೊತೆಗೆ ನಾನು ಇರುತ್ತೇನೆ. ಅವರನ್ನು ಒಂಟಿಯಾಗಿ ಬಿಡಬೇಡ ಅಂತ ಶೇ ಸಾಹೇಬರ ಅಪ್ಪಣೆ. "ಎಲ್ಲಿಗೆ ಹೋಗ್ತಾನಂತೆ?" ಅಂದರು. "ಹೇಪಿಂಗ್‌ಗೆ, ಹೊಳೆ ನೋಡೋಕೆ," ಅಂದೆ. ಅವರು ನಕ್ಷೆಯ ಕಡೆ ತಿರುಗಿ, ಸಿಗರೇಟು ಮುಗಿಯುವವರೆಗೂ ಅದನ್ನೇ ನೋಡುತ್ತಿದ್ದರು. "ನೀರಿಗಿಳಿಯಬೇಡ ಅಂತ ಹೇಳು," ಅಂದರು. ಅಷ್ಟೇ.

ಮಿಂಗ್‌ಶಾನ್


ಲಾವೋಯಿಂಗ್
ಸೆಪ್ಟೆಂಬರ್ 3, 1993

ಮಿಂಗ್‌ಶಾನ್,

ನೀನು ದಿನವಿಡೀ ದಂಡೆಯ ಮೇಲಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಉಗ್ರಾಣದೊಳಗೆ ಏನು ನಡೆಯಿತು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ, ಬರೆಯುತ್ತಿದ್ದೇನೆ.

ಹನ್ನೊಂದು ಜನರ ಅಚ್ಚು ತೆಗೆದರು. ಮೊದಲನೆಯವಳು ಗುಯಿಷಿಯಾಂಗ್. ತಗಡಿನ ಕಾಲು ಬಿಚ್ಚಲು ನಾಚಿಕೊಂಡಳು. "ವಾಸನೆ ಬರತ್ತೆ," ಅಂದಳು. ಬೋ ಮೇಸ್ತ್ರಿ ತಮ್ಮ ಬೂಟು ಕಳಚಿ ಕಾಲುಚೀಲ ಅವಳ ಕಡೆ ಚಾಚಿ, "ಇದು ಮೂರು ದಿನದ್ದು," ಅಂದರು. ಅವಳು ಮೂಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಬಿಚ್ಚಿದಳು. ಅವರು ಬರಿಗೈಯಲ್ಲಿ ಹಿಡಿದು, ತಿರುಗಿಸಿ, ಮೊಣಕಾಲು ಮಡಚಿಸಿ ನೋಡಿದರು. "ಮೊಣಕಾಲು ಚೆನ್ನಾಗಿದೆ. ಇದನ್ನು ಯಾರಿಗೂ ಕೊಡಬೇಡ," ಅಂದರು.

ಆಪರೇಷನ್ನನ್ನು ನವೆಂಬರಿಗೆ ಮುಂದೂಡಿಸಿದ್ದೇನೆ. ಅಲ್ಲಿಯವರೆಗೆ ಅವಳು ಹೊರೆ ಹೊರುವಂತಿಲ್ಲ, ತಗಡಿನ ಕಾಲು ಹಾಕುವಂತಿಲ್ಲ. ಊರುಗೋಲೇ ಗತಿ. ಉಪ್ಪನ್ನು ಮೇಷ್ಟ್ರು ಮತ್ತು ನಾನು ಹೊರುತ್ತಿದ್ದೇವೆ. ಅವಳು ಮೆಟ್ಟಿಲ ಮೇಲೆ ಕೂತು, "ಬೇಗ ಬೇಗ, ಸರ್ಕಾರಿ ನೌಕರರೇ," ಅಂತ ನಮ್ಮನ್ನು ಓಡಿಸುತ್ತಾಳೆ.

ಮಧ್ಯಾಹ್ನ ನಿನಗೆ ಅಂತ ಹುಳಿಸೊಪ್ಪಿನ ಸಾರು, ಅನ್ನ ಕಳಿಸಿದ್ದೆ. ಟೀ ಅಂಗಡಿಯವಳು ಡಬ್ಬಿ ತುಂಬಿದ್ದ ಹಾಗೆಯೇ ವಾಪಸ್ ಕೊಟ್ಟಳು. ಹಸಿವಿರಲಿಲ್ಲವೇನೋ.

ಕಾಲುಗಳು ತಯಾರಾದಾಗ ತೊಡಿಸಿ ಸರಿಮಾಡಲು ಅವರು ಇನ್ನೊಮ್ಮೆ ಉಗ್ರಾಣಕ್ಕೆ ಬರುತ್ತೇನೆ ಅಂದಿದ್ದಾರೆ. ದಿನ ಗೊತ್ತಾದಾಗ ತಿಳಿಸು.

ಅಕ್ಕ


ಲಿನ್‌ಜಿಯಾಂಗ್
ಅಕ್ಟೋಬರ್ 17, 1993

ಅಕ್ಕಾ,

ಬೋ ಮೇಸ್ತ್ರಿ ಬರುವುದಿಲ್ಲ. ವೀಸಾ ಮುಂದುವರಿಸಲು ಅವರ ಕೇಂದ್ರ ಹೊಸ ಪತ್ರ ಕೊಡಬೇಕಿತ್ತು. ತಪ್ಪೊಪ್ಪಿಗೆ ಬರೆದವರಿಗೆ ಪತ್ರ ಕೊಡಲು ಅಲ್ಲಿ ಯಾರೂ ಮುಂದೆ ಬರಲಿಲ್ಲ. ಅವರ ಮೇಲೆ ಯಾರಿಗೂ ಸಿಟ್ಟಿಲ್ಲ. ಪತ್ರಕ್ಕೆ ಸಹಿ ಹಾಕುವ ಧೈರ್ಯವೂ ಇಲ್ಲ. ಮೊನ್ನೆ ಹಾಂಗ್‌ಕಾಂಗಿಗೆ ಹೋದರು. ಅಲ್ಲಿಂದ ಅವರ ಊರಿಗೆ.

ಕಾಲುಗಳನ್ನು ಮುಗಿಸಿಯೇ ಹೋಗಿದ್ದಾರೆ. ಹನ್ನೊಂದೂ ನನ್ನ ಮೇಜಿನ ಕೆಳಗಿವೆ.

ವೀಸಾ ವಿಷಯಕ್ಕೆ ಅವರು ಕಳೆದ ತಿಂಗಳು ಪದೇ ಪದೇ ನಮ್ಮ ಕಚೇರಿಗೆ ಬಂದರು. ಒಬ್ಬರ ಸಹಿಗೆ ಇನ್ನೊಬ್ಬರು, ಅವರ ಸಹಿಗೆ ಮತ್ತೊಬ್ಬರು. ಕಾಯುವ ಹೊತ್ತಿನಲ್ಲಿ ಕಾಲು ತೊಡಿಸುವುದು ಹೇಗೆ ಅಂತ ನನಗೆ ಹೇಳಿಕೊಟ್ಟರು. ನಾನು ಕೇಳಿರಲಿಲ್ಲ, ಅವರೇ ಶುರು ಮಾಡಿದರು. ಇಲ್ಲಿಗೆ ಮರಳುವುದಿಲ್ಲ ಅಂತ ನನಗಿಂತ ಮುಂಚೆ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ. ಬೆಂಚಿನ ಮೇಲೆ ಪ್ಲಾಸ್ಟರಿನ ಅಚ್ಚು ಇಟ್ಟುಕೊಂಡು, ಒಳಪದರದ ಚರ್ಮವನ್ನು ಎಲ್ಲಿ ಹೆರೆಯಬೇಕು, ಎಲ್ಲಿ ಹೆರೆಯಲೇಬಾರದು ಅಂತ ತೋರಿಸಿದರು. "ನೋವಾಗತ್ತಾ ಅಂತ ಕೇಳ್ತೀನಿ," ಅಂದೆ. "ಕೇಳಬೇಡ. ಅವರಿಗೆ ನೋವು ಗೊತ್ತಾಗಲ್ಲ, ಆಗಲ್ಲ ಅಂತಲೇ ಹೇಳ್ತಾರೆ. ಸ್ವಲ್ಪ ನಡೆಸು, ಬಿಚ್ಚು, ಕೈಯ ಹಿಂಭಾಗದಿಂದ ಮುಟ್ಟು. ಎಲ್ಲಿ ಒತ್ತಿದೆಯೋ ಅಲ್ಲಿ ಬಿಸಿಯಿರತ್ತೆ. ಇನ್ನೊಂದು ಕಾಲಿನ ಜೊತೆ ಹೋಲಿಸಿ ನೋಡು," ಅಂದರು.

ಒಂದು ದಿನ ಅವರು ಕೇಳಿದರು, "ಆ ಹಳ್ಳಿ ನೋಡೋಕೆ ಹೇಗಿದೆ? ನಾನು ಈಚೆ ದಡದಿಂದ ಬರೀ ಹೊಗೆ ನೋಡಿದೆ."

ಗೊತ್ತಿಲ್ಲ ಅಂದೆ.

"ನಿನಗೂ ಅನುಮತಿ ಕೊಡಲ್ವಾ?"

ಆಗ ಒಳಗಿನಿಂದ ಕರೆ ಬಂತು, ನಾನು ಎದ್ದು ಹೋದೆ.

ಈ ಮೂಟೆ ಲಾವೋಯಿಂಗಿಗೆ ಅಂದಾಗ ಸಾಗಣೆಯವರು ಒಪ್ಪಲಿಲ್ಲ. ಬೇರೆಯವರಿಂದ ಕಳಿಸಿದರೂ ತೊಡಿಸಲು ಕಲಿತವರು ಇನ್ನೊಬ್ಬರಿಲ್ಲ. ಮೂರು ದಿನದ ರಜೆಗೆ ಬರೆದುಕೊಟ್ಟಿದ್ದೇನೆ. ಕಾರಣ, "ಅಕ್ಕನನ್ನು ನೋಡಲು." ಶೇ ಸಾಹೇಬರು ಬೇರೆ ಯಾವ ಪತ್ರವನ್ನೂ ಕೇಳಲಿಲ್ಲ.

ಲಿಯಾನ್‌ಗೆ ಹೇಳಿದ್ದೇನೆ. 25ರಂದು ಬರುತ್ತೇನೆ.

ಮಿಂಗ್‌ಶಾನ್


ಲಾವೋಯಿಂಗ್
ಅಕ್ಟೋಬರ್ 29, 1993

ಲಿಯಾನ್ ತಂಗಿಗೆ,

ಮದುವೆಯಾದಾಗಿನಿಂದ ನಿನಗೆ ನೇರವಾಗಿ ಇದೇ ಮೊದಲು ಬರೆಯುತ್ತಿರುವುದು. ಮಿಂಗ್‌ಶಾನ್ ನಿನ್ನೆಯೇ ಮನೆಗೆ ತಲುಪಬೇಕಿತ್ತು, ನೀನು ಗಾಬರಿಯಾಗಿರುತ್ತೀಯ. ಮೇಲೆಲ್ಲೋ ಮಳೆಯಾಗಿ ಹೊಳೆ ಏರಿದೆ, ತೆಪ್ಪ ಹಾಕುವಂತಿಲ್ಲ, ಹೆದ್ದಾರಿಯಲ್ಲಿ ಬಸ್ಸೂ ಇಲ್ಲ. ಅವನು ಚೆನ್ನಾಗಿದ್ದಾನೆ. ಬೆಟ್ಟದ ದಾರಿಯಲ್ಲಿ ಹೋಗುವ ಅಂಚೆಯವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಅವನೇ ಬರೆಯಬೇಕು, ಬರೆಯಲು ಹೆದರುತ್ತಾನೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಅವನು ನನ್ನ ಮನೆಯಲ್ಲಿ ಮಲಗುತ್ತಿದ್ದಾನೆ. ಊಟ ನಮ್ಮ ಅಡುಗೆಮನೆಯದ್ದೇ. ಇದನ್ನು ಮುಚ್ಚಿಟ್ಟರೆ ನಾಳೆ ನೀನು ನಮ್ಮಿಬ್ಬರನ್ನೂ ನಂಬುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ಔಷಧಿ ಮುಗಿಸಿ ವರ್ಷಗಳಾಗಿವೆ, ಯಾರಿಂದಲೂ ಯಾರಿಗೂ ಹರಡುವುದಿಲ್ಲ. ಇಷ್ಟು ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗಿಬಿಡುವುದಿಲ್ಲ ಅಂತ ನನಗೆ ಗೊತ್ತು. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ರಾತ್ರಿ ದೀಪ ಹಿಡಿದು ನನ್ನ ಕೈಕಾಲು ನೋಡಿಕೊಳ್ಳುತ್ತಿದ್ದೆ. ಅವನು ಮನೆಗೆ ಬಂದಾಗ ಬಟ್ಟೆ ಕುದಿಸಬೇಕು ಅನ್ನಿಸಿದರೆ ಕುದಿಸು. ಅವನನ್ನು ಬೈಯಬೇಡ.

ಇಲ್ಲಿ ಅವನು ಏನು ಮಾಡಿದ ಅಂತ ಅವನು ಹೇಳಲಾರ. ನಾನು ಹೇಳುತ್ತೇನೆ.

25ರ ಮಧ್ಯಾಹ್ನ ಬೆನ್ನ ಮೇಲೆ ಮೂಟೆ ಹೊತ್ತು ದಿಬ್ಬ ಹತ್ತಿ ಬಂದ. ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಯಾರೂ ಹತ್ತಿರ ಹೋಗಲಿಲ್ಲ, ಹೊರಗಿನವರಿಗೆ ಜಾಗ ಬಿಟ್ಟು ನಿಲ್ಲುವುದು ಇವರಿಗೆ ರೂಢಿಯಾಗಿಹೋಗಿದೆ. ಮೊದಲು ತಾನ್ ಗುಯಿಷಿಯಾಂಗಳನ್ನು ಕರೆದ. ಅವಳ ಮೊಣಕಾಲು ಉಳಿಯುತ್ತದೋ ಇಲ್ಲವೋ ಅನ್ನುವುದು ಈ ಕಾಲಿನ ಮೇಲೆ ನಿಂತಿತ್ತು. ಊರುಗೋಲಿನ ಮೇಲಿದ್ದ ಇಷ್ಟು ದಿನದಲ್ಲಿ ಹುಣ್ಣು ಹೆಚ್ಚುಕಡಿಮೆ ವಾಸಿಯಾಗಿತ್ತು. ಹೊಸ ಕಾಲು ಒತ್ತಿದರೆ ಮತ್ತೆ ಒಡೆಯುತ್ತದೆ.

ನನ್ನ ಕಡೆ ತಿರುಗಿ, "ಕೈಗವಸು ಇದೆಯಾ?" ಅಂದ. ಕೊಟ್ಟೆ. ಹಾಕಿಕೊಂಡು ಕಾಲು ತೊಡಿಸಿದ, ಪಟ್ಟಿ ಕಟ್ಟಿದ. ಅವಳು ಗೋಡೆ ಹಿಡಿದು ಬಾಗಿಲಿನವರೆಗೆ ಹೋಗಿ ಬಂದಳು. ಬಿಚ್ಚಿ, ಕೈಯ ಹಿಂಭಾಗದಿಂದ ಮುಟ್ಟಿ ನೋಡಿದ. ಗವಸಿನೊಳಗಿನಿಂದ ಬಿಸಿ ತಿಳಿಯಲಿಲ್ಲ. ಮತ್ತೆ ಮುಟ್ಟಿದ. ಇನ್ನೊಂದು ಕಾಲನ್ನೂ ಮುಟ್ಟಿದ. ತಲೆಯೆತ್ತಿ ನನ್ನನ್ನು ನೋಡಿದ. ನಾನು ಮುಟ್ಟಿ ಹೇಳಬಹುದಿತ್ತು. ಹೇಳಲಿಲ್ಲ, ಹತ್ತಿ ಸುತ್ತುತ್ತಾ ನಿಂತೆ. ಗುಯಿಷಿಯಾಂಗ್, "ಇರಲಿ ಬಿಡಿ ಸಾಹೇಬ್ರೇ, ಚೆನ್ನಾಗೇ ಇದೆ," ಅಂದಳು.

ಅವನು ಎರಡೂ ಗವಸು ತೆಗೆದು ಬೆಂಚಿನ ಮೇಲಿಟ್ಟ. ಬರಿಗೈಯಲ್ಲಿ ಮುಟ್ಟಿದ.

"ಅಬ್ಬಾ, ಸರ್ಕಾರದ ಕೈ ಎಷ್ಟು ತಣ್ಣಗಿದೆ," ಅಂದಳು ಅವಳು.

"ನಿಮಗೆ ಗೊತ್ತಾಗತ್ತಾ?" ಅಂದ.

"ಮೊಣಕಾಲಿನ ಮೇಲೆ ಗೊತ್ತಾಗತ್ತೆ."

ಅವನು ಎದ್ದು ಹೋಗಿ ಕೆಂಡದ ಬಟ್ಟಲಿನ ಮುಂದೆ ಕೈ ಕಾಯಿಸಿಕೊಂಡು ಬಂದ. ಹೊರಗೆ ನಿಂತಿದ್ದವರೆಲ್ಲ ನಕ್ಕರು. ಅಲ್ಲಿಂದ ಜನ ಹತ್ತಿರ ಬಂದರು.

ಮೊಂಡುಗಾಲಿನ ಮುಂಭಾಗದ ಮೂಳೆಯ ಹತ್ತಿರ ಬಿಸಿ ಸಿಕ್ಕಿತು. ಹೊಸ ಕಾಲಿನ ಒಳಪದರದ ಚರ್ಮ ಹೆರೆದ, ಮೊದಲು ತಪ್ಪು ಜಾಗದಲ್ಲಿ ಹೆರೆದ, ಆಮೇಲೆ ಸರಿಯಾದ ಜಾಗದಲ್ಲಿ. ಮತ್ತೆ ನಡೆಸಿದ, ಮತ್ತೆ ಬಿಚ್ಚಿದ. ಉಳಿದ ಹತ್ತು ಜನರ ಕೆಲಸವನ್ನೂ ಹೀಗೆಯೇ ಮಾಡಿದ. ಮೆಂಗ್ ಮೇಷ್ಟ್ರ ಕಾಲು ಇನ್ನೂ ಸರಿಹೋಗಿಲ್ಲ, ಅದಕ್ಕೆ ಅವರು ಬೆಳಿಗ್ಗೆಯಿಂದ ಗೊಣಗುತ್ತಿದ್ದಾರೆ. ಇವನು ಹೆರೆಯುತ್ತಿದ್ದಾನೆ.

ಬೋ ಮೇಸ್ತ್ರಿಯ ವಿಳಾಸ ಅವನ ಹತ್ತಿರವಿದೆ. ಎಲ್ಲ ಕಾಲೂ ನಡೆದ ಮೇಲೆ ಬರೆಯುತ್ತಾನಂತೆ. ಬರೆಯದಿದ್ದರೆ ನೀನು ನೆನಪು ಮಾಡು.

ಇವತ್ತು ಬೆಳಿಗ್ಗೆ ಗುಯಿಷಿಯಾಂಗ್ ದೋಣಿಕಟ್ಟೆಗೆ ಇಳಿದು, ಬರಿ ಬೆನ್ನಲ್ಲಿ ಹತ್ತಿ ಬಂದಳು. ಹೊರೆ ಇನ್ನೂ ಬೇಡ ಅಂದಿದ್ದೇವೆ. ಮಿಂಗ್‌ಶಾನ್ ಅವಳ ಹಿಂದೆಯೇ ಇಳಿದು, ಹಿಂದೆಯೇ ಹತ್ತಿದ. ಮೇಲೆ ಬಂದವರೇ ಇಬ್ಬರೂ ಕಲ್ಲಿನ ಮೇಲೆ ಕೂತರು. ಅವನು ಕಾಲು ಬಿಚ್ಚಿ ನೋಡಿದ. ಎಲ್ಲೂ ಕೆಂಪಾಗಿರಲಿಲ್ಲ. ಕೈಯ ಹಿಂಭಾಗ ಒಂದು ಮೊಣಕಾಲಿಗಿಟ್ಟ, ಇನ್ನೊಂದಕ್ಕಿಟ್ಟ. "ಎರಡೂ ಒಂದೇ ಬಿಸಿ," ಅಂದ. ತನ್ನ ಮೇಲೆ ನಂಬಿಕೆ ಸಾಲದೆ ಇನ್ನೊಮ್ಮೆ ಮುಟ್ಟಿ ನೋಡಿದ.

ನಿನ್ನ ಅತ್ತಿಗೆ,
ರಾನ್ ಮಿಂಗ್‌ಹುಯಿ